ಕೆಂಪು ಔಷಧಕ್ಕೊಂದು ಮೇದಸ್ಸಿನ ಚೀಲ

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಓಡಾಡಿದವರಿಗೆ ಡ್ರಿಪ್ಪಿನ ನಳಿಕೆಯಲ್ಲಿ ಇಳಿಯುವ ಒಂದು ಕೆಂಪು ದ್ರವ ನೆನಪಿರುತ್ತದೆ. ಅದರ ಹೆಸರು ಡಾಕ್ಸೊರುಬಿಸಿನ್. ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲೇ ಹೇಳಿರದಿದ್ದರೆ ರೋಗಿ ಗಾಬರಿಯಾಗುವುದು ಖಂಡಿತ. ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ರೋಗಿಗಳು ಇದಕ್ಕೆ 'ಕೆಂಪು ಪಿಶಾಚಿ' ಎಂದೇ ಅಡ್ಡಹೆಸರಿಟ್ಟಿದ್ದಾರೆ.

ಇದರ ಮೂಲ ಮಣ್ಣು. ಇಟಲಿಯ ದಕ್ಷಿಣದಲ್ಲಿ ಕಾಸ್ತೆಲ್ ದೆಲ್ ಮೊಂತೆ ಎಂಬ 13ನೇ ಶತಮಾನದ ಕೋಟೆಯಿದೆ. 1950ರ ದಶಕದಲ್ಲಿ ಅದರ ಆಸುಪಾಸಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ಕೆಂಪು ಬಣ್ಣದ ವಸ್ತುವನ್ನು ಸ್ರವಿಸುತ್ತಿತ್ತು. ಅದೇ ಜೀವಿಯ ಮಾರ್ಪಟ್ಟ ತಳಿಯಿಂದ ಬಂದದ್ದು ಡಾಕ್ಸೊರುಬಿಸಿನ್. ಏಡ್ರಿಯಾಟಿಕ್ ಸಮುದ್ರದ ನೆನಪಿಗೆ 'ಏಡ್ರಿಯಮೈಸಿನ್' ಎಂಬ ಹೆಸರೂ ಬಂತು. ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ತೂರಿಕೊಂಡು ಕೋಶ ಇಮ್ಮಡಿಯಾಗದಂತೆ ತಡೆಯುವುದು ಇದರ ಕೆಲಸ. ಸ್ತನದ ಕ್ಯಾನ್ಸರಿನಿಂದ ಹಿಡಿದು ದುಗ್ಧಗ್ರಂಥಿಗಳ ಕ್ಯಾನ್ಸರಿನವರೆಗೆ ಹಲವಕ್ಕೆ ಇದು ಇಂದಿಗೂ ಮುಖ್ಯ ಅಸ್ತ್ರ.

ಆದರೆ ಇದಕ್ಕೊಂದು ದೊಡ್ಡ ದೋಷವಿದೆ. ಇದು ಹೃದಯವನ್ನು ಕೆಡಿಸುತ್ತದೆ. ಒಮ್ಮೆ ಕೊಟ್ಟದ್ದು ಅಲ್ಲಿಗೇ ಮುಗಿಯುವುದಿಲ್ಲ. ಜೀವಮಾನದಲ್ಲಿ ಪಡೆದ ಪ್ರಮಾಣವೆಲ್ಲ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 450ರಿಂದ 550 ಮಿಲಿಗ್ರಾಂ ಮುಟ್ಟಿತೆಂದರೆ ವೈದ್ಯರು ಕೈ ತಡೆಯುತ್ತಾರೆ. ಹೃದಯದ ಸ್ನಾಯುಕೋಶ ಸತ್ತರೆ ಹೊಸದು ಹುಟ್ಟುವುದು ಇಲ್ಲವೆಂಬಷ್ಟು ಕಡಿಮೆ. ಗಡ್ಡೆ ಕರಗುತ್ತಿದೆ, ಔಷಧ ಕೆಲಸ ಮಾಡುತ್ತಿದೆ, ಆದರೂ ನಿಲ್ಲಿಸಬೇಕು ಎಂಬ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ!

ಔಷಧ ಹೃದಯದ ಮಾಂಸಕ್ಕೆ ಇಳಿಯದಂತೆ ಮಾಡುವುದು ಹೇಗೆ? ಉತ್ತರದ ಒಂದು ತುದಿ ನಮ್ಮ ಅಂಗಡಿಯ ಬಿಸ್ಕತ್ತು, ಚಾಕೊಲೇಟುಗಳ ಪೊಟ್ಟಣದ ಮೇಲಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ '322' ಎಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಅದು ಲೆಸಿಥಿನ್, ಹೆಚ್ಚಾಗಿ ಸೋಯಾ ಅವರೆಯಿಂದ ತೆಗೆದದ್ದು. ಮೊಟ್ಟೆಯ ಹಳದಿಯಲ್ಲೂ ಇದೆ. ಇದರ ಅಣು ವಿಚಿತ್ರ ಸ್ವಭಾವದ್ದು: ತಲೆಗೆ ನೀರೆಂದರೆ ಪ್ರೀತಿ, ಎರಡು ಬಾಲಗಳಿಗೆ ನೀರೆಂದರೆ ಆಗದು. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ತಲೆಗಳೆಲ್ಲ ನೀರಿನ ಕಡೆಗೂ ಬಾಲಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಳಗಡೆಗೂ ನಿಂತು, ಎರಡು ಪದರದ ಹಾಳೆಯಾಗುತ್ತದೆ. ಹಾಳೆಯ ಅಂಚಿಗೆ ನೀರು ತಾಗುವುದೂ ಬೇಡವಾದ್ದರಿಂದ ಅದು ತಾನಾಗಿಯೇ ಮಡಿಚಿ ಮುಚ್ಚಿಕೊಂಡು ಚೀಲವಾಗುತ್ತದೆ. ಯಾರೂ ಹೊಲಿಯಬೇಕಾಗಿಲ್ಲ.

ಇದನ್ನು ಮೊದಲು ಕಂಡವರು ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬ್ಯಾಬ್ರಹಾಂ ಸಂಸ್ಥೆಯ ಅಲೆಕ್ ಬ್ಯಾಂಗಂ. 1960ರ ದಶಕದ ಆರಂಭದಲ್ಲಿ, ಸಂಸ್ಥೆಗೆ ಬಂದಿದ್ದ ಹೊಸ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರು ಲೆಸಿಥಿನ್ನನ್ನು ಇಟ್ಟು ನೋಡಿದರು. ಈರುಳ್ಳಿಯ ಹಾಗೆ ಪದರದೊಳಗೆ ಪದರವಿದ್ದ ಚೀಲಗಳು ಕಂಡವು, ಆ ಪದರಗಳೋ ಥೇಟ್ ಜೀವಕೋಶದ ಹೊರಪೊರೆಯಂತೆಯೇ ಇದ್ದವು. ಗೆಳೆಯರು ತಮಾಷೆಗೆ 'ಬ್ಯಾಂಗಸೋಮ್' ಎಂದರು. 1968ರಲ್ಲಿ ಗೆರಾಲ್ಡ್ ವೈಸ್‌ಮನ್ ಸೂಚಿಸಿದ 'ಲೈಪೋಸೋಮ್' ಎಂಬ ಹೆಸರೇ ನಿಂತಿತು. ಚೀಲವಿದ್ದ ಮೇಲೆ ಒಳಗೇನಾದರೂ ತುಂಬಬಹುದಲ್ಲ! 1970ರ ದಶಕ ಹುಟ್ಟುವ ಹೊತ್ತಿಗೆ ಗ್ರೆಗರಿ ಗ್ರೆಗೊರಿಯಾಡಿಸ್ ಮುಂತಾದವರು ಅದರಲ್ಲಿ ಔಷಧ ಸಾಗಿಸುವ ಮಾತೆತ್ತಿದರು.

ಮಾತು ಸುಲಭ. 1980ರ ದಶಕದ ಮಧ್ಯದಲ್ಲಿ ಜೆರುಸಲೇಮಿನ ಹಡಾಸಾ ಆಸ್ಪತ್ರೆಯಲ್ಲಿ ಯೆಹೆಜ್ಕೆಲ್ ಬಾರೆನ್‌ಹೋಲ್ಟ್ಸ್ ಮತ್ತು ಆಲ್ಬರ್ಟೊ ಗಾಬಿಜಾನ್ ತಮ್ಮ ಮೊದಲ ಲೈಪೋಸೋಮನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಅದು ಸೋತಿತು. ಔಷಧ ದಾರಿಯಲ್ಲೇ ಸೋರಿತು. ಉಳಿದ ಚೀಲಗಳನ್ನು ಯಕೃತ್ತಿನಲ್ಲಿ ಕಾವಲಿರುವ ಭಕ್ಷಕ ಕೋಶಗಳು ನುಂಗಿಹಾಕಿದವು. ಚೀಲ ಚಿಕ್ಕದಾಗಿರಬೇಕು, ಗಟ್ಟಿಯಾಗಿರಬೇಕು, ರಕ್ತದಲ್ಲಿ ದಿನಗಟ್ಟಲೆ ತಿರುಗಬೇಕು, ಔಷಧವಂತೂ ಒಳಗೆ ಕಿಕ್ಕಿರಿದು ತುಂಬಿರಬೇಕು ಎಂಬ ಪಾಠ ಸಿಕ್ಕಿದ್ದು ಈ ಸೋಲಿನಿಂದ.

ತುಂಬಿದ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಸುಂದರವಾದ ಭಾಗ ಇದೇ, ಇದಕ್ಕೆ ಹೈಸ್ಕೂಲಿನ ರಸಾಯನಶಾಸ್ತ್ರವೇ ಸಾಕು. ರೈತರು ಗೊಬ್ಬರವಾಗಿ ಬಳಸುವ ಅಮೋನಿಯಂ ಸಲ್ಫೇಟನ್ನು ನೀರಲ್ಲಿ ಕರಗಿಸಿ, ಅದರಲ್ಲೇ ಲೈಪೋಸೋಮ್‌ಗಳನ್ನು ತಯಾರಿಸುತ್ತಾರೆ. ಹಾಗಾಗಿ ಚೀಲದ ಒಳಗೂ ಅದೇ ದ್ರಾವಣ. ಆಮೇಲೆ ಹೊರಗಿನದನ್ನು ಮಾತ್ರ ತೊಳೆದು ತೆಗೆಯುತ್ತಾರೆ. ಒಳಗೆ ಉಳಿದ ಅಮೋನಿಯಂನಿಂದ ಅಮೋನಿಯಾ ಅನಿಲ ಪೊರೆ ದಾಟಿ ಹೊರಹೋಗುತ್ತದೆ, ಹೋಗುವಾಗ ಒಂದು ಹೈಡ್ರೊಜನ್ ಅಯಾನನ್ನು ಒಳಗೇ ಬಿಟ್ಟುಹೋಗುತ್ತದೆ. ಒಳಗೆ ಆಮ್ಲ ಹೆಚ್ಚುತ್ತದೆ. ಈಗ ಹೊರಗಿನಿಂದ ಡಾಕ್ಸೊರುಬಿಸಿನ್ ಹಾಕಿದರೆ? ಅದು ದುರ್ಬಲ ಪ್ರತ್ಯಾಮ್ಲ. ವಿದ್ಯುದಂಶವಿಲ್ಲದ ರೂಪದಲ್ಲಿ ಪೊರೆಯನ್ನು ಸಲೀಸಾಗಿ ದಾಟಿ ಒಳಬರುತ್ತದೆ. ಒಳಗೆ ಹೈಡ್ರೊಜನ್ ಅಯಾನು ಹತ್ತಿಕೊಂಡ ಕೂಡಲೇ ವಿದ್ಯುದಂಶ ಬಂದು ಹಿಂದಿರುಗಲಾರದಂತಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ತೋಡಿಗೆ ಅಡ್ಡಲಾಗಿ ಇಡುವ ಕೂಳಿಯಲ್ಲಿ ಮೀನು ಒಳಹೋಗಬಹುದೇ ಹೊರತು ಹೊರಬರಲಾಗದಲ್ಲ, ಹಾಗೆ. ಮೇಲಾಗಿ ಅಲ್ಲಿರುವ ಸಲ್ಫೇಟಿನ ಜೊತೆ ಸೇರಿ ಅದು ಹರಳುಗಟ್ಟುತ್ತದೆ. ಒಂದೊಂದು ಚೀಲದಲ್ಲಿ 10,000ದಿಂದ 15,000 ಔಷಧದ ಅಣುಗಳು! ಸೂಕ್ಷ್ಮದರ್ಶಕದಲ್ಲಿ ಇವು ನಡುವೆ ಗೀರಿರುವ ಕಾಫಿ ಬೀಜದಂತೆ ಕಾಣುತ್ತವೆ. ಚೀಲದ ಅಡ್ಡಳತೆ 80ರಿಂದ 100 ನ್ಯಾನೋಮೀಟರ್. ಅಂದರೆ ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿಗೆ ಹತ್ತು ಸಾವಿರಕ್ಕೂ ಮಿಕ್ಕಿ.

ಭಕ್ಷಕ ಕೋಶಗಳ ಕಣ್ಣು ತಪ್ಪಿಸಲು ಚೀಲದ ಹೊರಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೂದಲಿನಂಥ ಎಳೆಗಳನ್ನು ನೆಟ್ಟರು. ಇದರ ಚುಟುಕು ಹೆಸರು 'ಪೆಗ್'. ಹುಬ್ಬೇರಿಸಬೇಡಿ, ಆ ಪೆಗ್ ಅಲ್ಲ! ಈ ಹೊದಿಕೆಯಿಂದ ಚೀಲಗಳು ರಕ್ತದಲ್ಲಿ ದಿನಗಟ್ಟಲೆ ಉಳಿಯತೊಡಗಿದವು. 'ಡಾಕ್ಸಿಲ್' ಎಂಬ ಹೆಸರಿನಲ್ಲಿ ಇದಕ್ಕೆ 1995ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮೊದಲು ಏಡ್ಸ್ ರೋಗಿಗಳಲ್ಲಿ ಬರುವ ಕಪೋಸಿ ಸಾರ್ಕೋಮಕ್ಕೆ, 1999ರಲ್ಲಿ ಅಂಡಾಶಯದ ಕ್ಯಾನ್ಸರಿಗೆ.

ಇಂಥದ್ದೇ ಔಷಧದ ಚೀಟಿ ಹಿಡಿದುಕೊಂಡು ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಮನೆಗೆ ಬಂದಿದ್ದ. ಕಾಯಿಲೆ ಅವನ ತಾಯಿಗೆ. ಬೆಲೆ ಮಾಮೂಲಿ ಔಷಧದ ಹಲವು ಪಟ್ಟು. ಆ ವರ್ಷದ ಅಡಿಕೆ ಫಸಲನ್ನು ಚೇಣಿಗೆ ಕೊಟ್ಟು ದುಡ್ಡು ಹೊಂದಿಸಿದ್ದ.

"ಸಾರ್, ಇದು ಸೀದಾ ಗಡ್ಡೆಗೇ ಹೋಗುತ್ತಂತಲ್ಲ? ಬೇರೆಲ್ಲೂ ಹೋಗಲ್ವಂತೆ?"

"ಹಾಗಂತ ಯಾರು ಹೇಳಿದರಪ್ಪ?"

"ಪೇಪರಲ್ಲಿ ಬಂದಿತ್ತು ಸಾರ್."

"ಡಾಕ್ಟರು ಏನೆಂದರು?"

"ಅಮ್ಮನ ಹಾರ್ಟ್ ವೀಕ್ ಇದೆ, ಎಕೋದಲ್ಲಿ ಗೊತ್ತಾಯ್ತು, ಅದಕ್ಕೇ ಇದು ಅಂದ್ರು."

ಡಾಕ್ಟರು ಹೇಳಿದ್ದು ಸರಿ, ಪೇಪರಿನವರು ಬರೆದದ್ದು ತಪ್ಪು. ಪತ್ರಿಕೆಯಲ್ಲೇ ಕುಳಿತು ಹೀಗೆ ಬರೆಯುವುದು ಸಂಪಾದಕರಿಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಹೇಳಬೇಕು. ಗಡ್ಡೆಯ ಅವಸರದ ಬೆಳವಣಿಗೆಯಲ್ಲಿ ಹುಟ್ಟಿದ ರಕ್ತನಾಳಗಳು ಒರಟು, ಸೋರುವಂಥವು. ದೊಡ್ಡ ಅಣುಗಳು ಅಲ್ಲಿ ನುಸುಳಬಲ್ಲವು ಎಂದು 1986ರಲ್ಲಿ ಜಪಾನಿನ ಹಿರೋಶಿ ಮಾಯೆದ ಮತ್ತು ಯಾಸುಹಿರೊ ಮತ್ಸುಮುರ ತೋರಿಸಿದ್ದು ನಿಜ. ಆದರೆ ಎಷ್ಟು ನುಸುಳುತ್ತದೆ? ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ ಅದಕ್ಕೆ ಹಿಂದಿನ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನೆಲ್ಲ ಕಲೆಹಾಕಿ 2016ರಲ್ಲಿ ಲೆಕ್ಕ ಕೊಟ್ಟಿತು. ಬಗೆಬಗೆಯ ನ್ಯಾನೋಕಣಗಳನ್ನು ಒಟ್ಟಾಗಿ ನೋಡಿದರೆ, ಪ್ರಾಣಿಗಳ ಗಡ್ಡೆಯನ್ನು ಮುಟ್ಟಿದ್ದು ಚುಚ್ಚಿದ್ದರ ಶೇ 0.7 ಮಾತ್ರ. ಸಾವಿರದಲ್ಲಿ ಏಳು! ಉಳಿದದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಪಾಲು.

ಹಾಗಾದರೆ ಲಾಭವೇನು? ಹೃದಯದ ರಕ್ತನಾಳಗಳ ಗೋಡೆ ಬಿಗಿಯಾದದ್ದು. ಬರಿಯ ಔಷಧದ ಅಣು ಅದನ್ನು ದಾಟುತ್ತದೆ, ಚೀಲ ದಾಟಲಾರದು. ಲಾಭ ಇರುವುದು ಔಷಧ ಹೋದ ಜಾಗದಲ್ಲಲ್ಲ, ಹೋಗದ ಜಾಗದಲ್ಲಿ. 2004ರಲ್ಲಿ ಹೊರಬಂದ ಒಂದು ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಮುಂದುವರಿದ ಸ್ತನ ಕ್ಯಾನ್ಸರಿನ 509 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಚೀಲದ ಔಷಧ, ಉಳಿದವರಿಗೆ ಬರಿಯದು. ರೋಗ ಮುಂದುವರಿಯದೆ ಇದ್ದ ಅವಧಿ ಚೀಲದವರಲ್ಲಿ 6.9 ತಿಂಗಳು, ಬರಿಯದರಲ್ಲಿ 7.8 ತಿಂಗಳು. ಬದುಕಿದ ಅವಧಿ 21 ಮತ್ತು 22 ತಿಂಗಳು. ಅಂದರೆ ಕ್ಯಾನ್ಸರಿನ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಹೃದಯದ ಹಾನಿ ಮಾತ್ರ ಬರಿಯ ಔಷಧದಲ್ಲಿ ಸುಮಾರು ಮೂರು ಪಟ್ಟು. ಕೂದಲು ಉದುರಿದ್ದು ಅಲ್ಲಿ ಶೇ 66 ಮಂದಿಗೆ, ಇಲ್ಲಿ ಶೇ 20 ಮಂದಿಗೆ.

ಆ ತಾಯಿಗೆ ಇದು ಬೇಕಾಗಿತ್ತು. ಹೃದಯ ಗಟ್ಟಿಯಿರುವ ಇನ್ನೊಬ್ಬರಿಗೆ, 'ಇದೇ ಜೋರಿನ ಔಷಧ' ಎಂಬ ನಂಬಿಕೆಯಿಂದ ಮನೆಯವರು ಸಾಲ ಮಾಡಿ ತಂದರೆ ಅದಕ್ಕೆ ಅರ್ಥವಿದೆಯೇ? ವೈದ್ಯರನ್ನು 'ನಮ್ಮವರಿಗೆ ಇದು ಯಾಕೆ?' ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಚೀಲಕ್ಕೂ ಅದರದ್ದೇ ಉಪದ್ರವವಿದೆ. ಒತ್ತಡ, ಉಜ್ಜಾಟ ಹೆಚ್ಚಿರುವ ಅಂಗೈ ಅಂಗಾಲುಗಳಲ್ಲಿ ಔಷಧ ಸೋರಿ ಚರ್ಮ ಕೆಂಪಾಗಿ, ಉರಿದು, ಸುಲಿಯುತ್ತದೆ. ಅದೇ ಅಧ್ಯಯನದಲ್ಲಿ ಈ ತೊಂದರೆ ಚೀಲದವರಲ್ಲಿ ಶೇ 48, ಬರಿಯದರಲ್ಲಿ ಶೇ 2. ಬಿಸಿನೀರು, ಬಿಗಿ ಚಪ್ಪಲಿ ಬೇಡ ಎಂದು ನರ್ಸ್‌ಗಳು ಹೇಳುವುದು ಇದಕ್ಕೇ. ಬಟ್ಟೆ ಒಗೆದು ಪಾತ್ರೆ ತಿಕ್ಕುವ ನಮ್ಮ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದಾಗ ಕರ್ನಾಟಕದ ಊರೂರುಗಳಲ್ಲಿ ಜನ 'ಲೈಪೋಸೋಮಲ್ ಆಂಫೊಟೆರಿಸಿನ್' ಎಂಬ ಇಂಜೆಕ್ಷನ್ನಿಗಾಗಿ ಅಲೆದದ್ದು ನೆನಪಿದೆಯೇ? ಅದೂ ಇದೇ ಜಾತಿಯ ಚೀಲ. ಬರಿಯ ಆಂಫೊಟೆರಿಸಿನ್ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಚೀಲದಲ್ಲಿ ಕೊಟ್ಟರೆ ಆ ಹಾನಿ ಬಹಳ ಕಡಿಮೆ.

ಎಲ್ಲ ಕಡೆಯೂ ಲಾಭ ಇಷ್ಟಕ್ಕೇ ನಿಂತಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಬಗೆಯ ಉಗ್ರ ರಕ್ತ ಕ್ಯಾನ್ಸರಿಗೆ 2017ರಲ್ಲಿ ಒಪ್ಪಿಗೆ ಪಡೆದ 'ವಿಕ್ಸಿಯೋಸ್'ನಲ್ಲಿ ಎರಡು ಔಷಧಗಳನ್ನು 5:1ರ ಅಣು ಅನುಪಾತದಲ್ಲಿ ಒಂದೇ ಚೀಲಕ್ಕೆ ತುಂಬಿದ್ದಾರೆ. ಬೇರೆಬೇರೆಯಾಗಿ ಕೊಟ್ಟರೆ ಅವು ರಕ್ತದಲ್ಲಿ ಬೇರೆಬೇರೆ ವೇಗದಲ್ಲಿ ಕರಗಿ ಹದ ತಪ್ಪುತ್ತದೆ. ಇದನ್ನು ಪಡೆದ ಹಿರಿಯ ವಯಸ್ಸಿನ ರೋಗಿಗಳ ಮಧ್ಯಮ ಬದುಕಿನ ಅವಧಿ 5.95 ತಿಂಗಳಿಂದ 9.56 ತಿಂಗಳಿಗೆ ಏರಿತು. ಇನ್ನೊಂದು ಕಡೆ, ಕಾಯಿಸಿದರೆ ಬಾಯಿ ಬಿಡುವ ಚೀಲವೊಂದನ್ನು ಯಕೃತ್ತಿನ ಕ್ಯಾನ್ಸರಿಗೆ ಪ್ರಯತ್ನಿಸಿದರು. ಕಲ್ಪನೆ ಬಹು ಸೊಗಸು. 2013ರಲ್ಲೂ 2020ರಲ್ಲೂ ಪರೀಕ್ಷೆಯಲ್ಲಿ ಸೋತಿತು.

2011ರಲ್ಲಿ ಅಮೆರಿಕದ ಒಹಾಯೊದಲ್ಲಿ ಡಾಕ್ಸಿಲ್ ತಯಾರಿಸುತ್ತಿದ್ದ ಕಾರ್ಖಾನೆ ಕೆಲಸ ನಿಲ್ಲಿಸಿ, ಅಲ್ಲಿನ ರೋಗಿಗಳು ಕಂಗಾಲಾದರು. 2012ರ ಫೆಬ್ರುವರಿಯಲ್ಲಿ ಎಫ್‌ಡಿಎ ನಮ್ಮ ದೇಶದ ಸನ್ ಫಾರ್ಮಾ ಕಂಪನಿಯ 'ಲಿಪೊಡಾಕ್ಸ್' ತರಿಸಿಕೊಳ್ಳಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಮರುವರ್ಷ ಅದೇ ಕಂಪನಿಯ ಔಷಧಕ್ಕೆ ಡಾಕ್ಸಿಲ್‌ನ ಮೊದಲ ಜೆನೆರಿಕ್ ಎಂದು ಪೂರ್ಣ ಮಾನ್ಯತೆ ದೊರೆಯಿತು. ಇದು ಮಾತ್ರೆಯೊಂದನ್ನು ನಕಲು ಮಾಡಿದಷ್ಟು ಸುಲಭವಲ್ಲ. ಔಷಧದ ಅಣು ಒಂದೇ ಆದರೆ ಸಾಲದು, ಚೀಲದ ಗಾತ್ರ, ಪೊರೆ, ಒಳಗಿನ ಹರಳಿನ ಸ್ಥಿತಿ, ಸೋರುವ ವೇಗ ಎಲ್ಲವೂ ಹೊಂದಬೇಕು.

ಅಂಡಾಶಯದ ಕ್ಯಾನ್ಸರಿಗೆ ಚೀಲದ ಔಷಧದ ಪ್ರಮಾಣ ಚದರ ಮೀಟರಿಗೆ 50 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ. ಬರಿಯ ಔಷಧವನ್ನು ಒಂಟಿಯಾಗಿ ಕೊಡುವಾಗ 60ರಿಂದ 75, ಮೂರು ವಾರಕ್ಕೊಮ್ಮೆ. ಒಂದರ ಬದಲಿಗೆ ಇನ್ನೊಂದನ್ನು ಅಷ್ಟೇ ಮಿಲಿಗ್ರಾಂ ಹಾಕಕೂಡದು ಎಂದು ತಯಾರಕರು ಎಚ್ಚರಿಸಿರುತ್ತಾರೆ. ಹೆಸರು ಎರಡಕ್ಕೂ ಒಂದೇ ಆದ್ದರಿಂದ ನರ್ಸ್‌ಗಳು ಚೀಟಿಯನ್ನು ಎರಡೆರಡು ಸಲ ಓದುತ್ತಾರೆ. ಸೀಸೆಗಳನ್ನು ಬೆಳಕಿಗೆ ಹಿಡಿದರೂ ವ್ಯತ್ಯಾಸ ಕಾಣುತ್ತದೆ. ಬರಿಯ ಔಷಧ ತಿಳಿಯಾದ ಕೆಂಪು. ಚೀಲದ್ದು ಕೊಂಚ ಮಬ್ಬು. ಹೈಸ್ಕೂಲಿನಲ್ಲಿ ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಟಾರ್ಚು ಬಿಟ್ಟು ತೋರಿಸುತ್ತೇವಲ್ಲ, ಟಿಂಡಾಲ್ ಪರಿಣಾಮ, ಅದೇ ಇದು: ಕೋಟಿಗಟ್ಟಲೆ ಚೀಲಗಳು ಬೆಳಕನ್ನು ಚೆದರಿಸುತ್ತಿರುತ್ತವೆ.