ಕುಂಚವಿಲ್ಲದ ಕೈ

ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ಅಲ್ಲಿನ ಹೆಸರಾಂತ ಚಿತ್ರಗಾರ ರೂಬೆನ್ಸನ ಭಾವಚಿತ್ರವೊಂದನ್ನು ಕಳುಹಿಸಿದ್ದ. ರೂಬೆನ್ಸನ ಬಳಿಯೇ ಪಳಗಿದ ವ್ಯಾನ್ ಡೈಕ್ ಬರೆದುದನ್ನು ಪೊಂಟಿಯಸ್ ಎಂಬಾತ ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚು ಅದು. 1630ರ ದಶಕದ ಆ ಮಾಲಿಕೆಯಲ್ಲಿ ದೊರೆಗಳು, ಸೇನಾನಿಗಳು, ಪಂಡಿತರ ಜೊತೆಗೆ ಚಿತ್ರಗಾರರೂ ಇದ್ದಾರೆ. ರೂಬೆನ್ಸನ ಮೈಮೇಲೆ ಶ್ರೀಮಂತರ ನಿಲುವಂಗಿಯಿದೆ, ಕೈಯಲ್ಲಿ ಕುಂಚವಿಲ್ಲ. ಕೆಳಗಿನ ಲ್ಯಾಟಿನ್ ಬರಹದಲ್ಲಿ ಮೊದಲು ನೈಟ್ ಪದವಿ, ಅನಂತರ ಸ್ಪೇನ್ ದೊರೆಯ ಆಪ್ತಸಭೆಯ ಕಾರ್ಯದರ್ಶಿ ಎಂಬ ಹುದ್ದೆ. ಚಿತ್ರಕಲೆಯ ಮಾತು ಕಡೆಗೆ.

ಆತನನ್ನು ನಾನು ದೂರಲಾರೆ. ಚಿತ್ರಗಾರನೆಂದರೆ ಕೈಕಸುಬಿನವನೆಂದು ಎಣಿಸುತ್ತಿದ್ದ ಸಮಾಜದಲ್ಲಿ ಗೌರವ ಬೇಕಿದ್ದರೆ ಕೈಯನ್ನೇ ಮರೆಮಾಡಬೇಕಾಗಿತ್ತು. ಆದರೆ ಅಂಥ ಗೌರವ ಅರೆಗೌರವವೆಂದೇ ನನ್ನ ಅಭಿಪ್ರಾಯ. ಅದಕ್ಕೂ ಐನೂರು ವರ್ಷ ಮೊದಲೇ ನಮ್ಮ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಪೀಠಗಳಲ್ಲಿ ತಮ್ಮ ಹೆಸರನ್ನು, ಎದುರಾಳಿ ಶಿಲ್ಪಿಗಳನ್ನು ಹಳಿಯುವ ಬಿರುದುಗಳನ್ನು ಕೊರೆದರು. (ವಿನಯ ಅವರ ಜಾಯಮಾನವಲ್ಲ!) ಉಳಿಯನ್ನು ಬಚ್ಚಿಡುವ ಅಗತ್ಯ ಅವರಿಗೆ ಕಾಣಲಿಲ್ಲ. ನಮ್ಮ ತಾಲ್ಲೂಕಿನ ಕುರುಡುಮಲೆಯ ಸೋಮೇಶ್ವರ ದೇಗುಲದಲ್ಲೂ ಅರ್ಧ ಜಕಣಾಚಾರಿಯದು, ಉಳಿದರ್ಧ ಮಗ ಡಂಕಣಾಚಾರಿಯದು ಎಂದು ಹಿರಿಯರು ಹೇಳುತ್ತಾರೆ. ಇತಿಹಾಸ ಅದನ್ನು ಒಪ್ಪಲಿ, ಬಿಡಲಿ. ಕಟ್ಟಿಸಿದ ದೊರೆ ಯಾರೆಂದು ಕೇಳಿದರೆ ಅದೇ ಹಿರಿಯರು ತಡವರಿಸುತ್ತಾರೆ.

ಇಷ್ಟೆಲ್ಲ ಬರೆಯುವ ನಾನು ಮಾಡಿದ್ದೇನು? 1991ರ ಎಸ್.ಎಸ್.ಎಲ್.ಸಿ. ತಂಡದ ಗುಂಪು ಛಾಯಾಚಿತ್ರ ನಿಮ್ಮಲ್ಲಿ ಕೆಲವರ ಮನೆಯ ಗೋಡೆಯ ಮೇಲೆ ಇನ್ನೂ ಇದೆ. ಅದರಲ್ಲಿ ಅಧ್ಯಾಪಕರೆಲ್ಲ ಕುರ್ಚಿಗಳಲ್ಲಿ ಕುಳಿತಿದ್ದೇವೆ. ಡ್ರಾಯಿಂಗ್ ಮೇಷ್ಟ್ರು ಮಾತ್ರ ಹಿಂದಿನ ಸಾಲಿನ ಬಲತುದಿಯಲ್ಲಿ, ಜವಾನರ ಪಕ್ಕದಲ್ಲಿ ನಿಂತಿದ್ದಾರೆ. ಸೇವಾಹಿರಿತನದ ಪ್ರಕಾರ ಆಸನವೆಂದು ಅಂದು ಯಾರೋ ಹೇಳಿದರು. ಸೇವೆಯಲ್ಲಿ ಅವರು ನನಗಿಂತ ಒಂಬತ್ತು ವರ್ಷ ಹಿರಿಯರು! ಅವರ ವಿಷಯಕ್ಕೆ ಪಬ್ಲಿಕ್ ಪರೀಕ್ಷೆ ಇರಲಿಲ್ಲ, ಅಷ್ಟೇ. ವಾರ್ಷಿಕೋತ್ಸವದ ನಾಟಕಕ್ಕೆ ಪರದೆ, ವಿಜ್ಞಾನದ ಕೊಠಡಿಗೆ ಹೃದಯದ ಚಿತ್ರ, ಗೋಡೆಗೆ ಕರ್ನಾಟಕದ ನಕ್ಷೆ ಎಲ್ಲಕ್ಕೂ ಅವರೇ ಬೇಕಾಗಿತ್ತು. ನಾನು ಎದ್ದು ಕುರ್ಚಿ ಬಿಟ್ಟುಕೊಡಬಹುದಿತ್ತು. ಏಳಲಿಲ್ಲ.

ಅವರು ತೀರಿಕೊಂಡು ಆರು ವರ್ಷಗಳಾದವು. ಆ ಚಿತ್ರದ ಕೆಳಗಿರುವ ಮುತ್ತಿನಂಥ ಅಕ್ಷರಗಳು ಅವರವೇ. ನಮ್ಮೆಲ್ಲರ ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದು ತಪ್ಪಿಲ್ಲದೆ ಬರೆದು, ತಮ್ಮ ಹೆಸರನ್ನು ಕಡೆಯಲ್ಲಿ ಬರೆದು, ಮುಂದೆ ಏನನ್ನೂ ಸೇರಿಸದೆ ಬಿಟ್ಟಿದ್ದಾರೆ.