ಕೊಳೆ ತೊಳೆಯಲು ವಿಷವೇಕೆ?

ಕ್ಲೋರಿನ್ ಅನಿಲವನ್ನು ತಯಾರಿಸುವ ವಿಧಾನವನ್ನು ರಸಾಯನಶಾಸ್ತ್ರದ ಪಾಠದಲ್ಲಿ ಓದದವರು ನಮ್ಮ ವಾಚಕರಲ್ಲಿ ವಿರಳ. ಚಲುವೆ ಪುಡಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು, ಹಸುರು ಬೆರೆತ ಹಳದಿ ಬಣ್ಣದ, ಘಾಟು ವಾಸನೆಯ ಅನಿಲ ಹೊರಬರುತ್ತದೆ, ಅದನ್ನು ಮೂಸಬಾರದು. ಪರೀಕ್ಷೆಯಲ್ಲಿ ಇಷ್ಟನ್ನು ಬರೆದರೆ ಪೂರ್ಣ ಅಂಕಗಳು ದೊರೆಯುತ್ತವೆ. ಆದರೆ ಇದೇ ಪ್ರಯೋಗವು ಪ್ರಯೋಗಶಾಲೆಯ ಹೊರಗೆ, ಗಾಳಿಯಾಡದ ಬಚ್ಚಲುಮನೆಗಳಲ್ಲಿ, ಕ್ಲೋರಿನ್ ಎಂಬ ಹೆಸರನ್ನೇ ಕೇಳದವರ ಕೈಯಿಂದ ನಡೆಯುತ್ತಿರುತ್ತದೆ ಎಂಬುದು ನಮಗೆ ಮನವರಿಕೆಯಾದದ್ದು ಒಂದು ಅಹಿತಕರ ಪ್ರಸಂಗದಿಂದ.

ನಾವು ಕೆಲಸಮಾಡುವ ಕಾಲೇಜಿಗೆ ಪರಿಶೀಲನೆಯ ತಂಡವೊಂದು ಬರುವುದಿತ್ತು. ಹಿಂದಿನ ದಿನ ನಮ್ಮ ವಿಭಾಗದ ಶೌಚಾಲಯವನ್ನು ಶುಚಿಮಾಡಿಸುವ ಹೊಣೆ ನಮ್ಮ ಪಾಲಿಗೆ ಬಂತು. ನಮ್ಮ ಪ್ರಯೋಗಶಾಲೆಯ ಅಟೆಂಡರು ವಯಸ್ಸಿನಲ್ಲಿ ನಮಗಿಂತ ಹಿರಿಯರು, ಹೇಳಿದ ಕೆಲಸಕ್ಕೆ ಎರಡು ಮಾತಾಡುವವರಲ್ಲ. ಅವರು ಮೊದಲು ನೆಲಕ್ಕೆ ಆಸಿಡ್ ಸುರಿದರು. ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಚಲುವೆ ಪುಡಿಯನ್ನು ಎರಚಿ, ಕುಕ್ಕರಗಾಲಿನಲ್ಲಿ ಕುಳಿತು ಉಜ್ಜತೊಡಗಿದರು. ಕೆಲವೇ ಕ್ಷಣಗಳಲ್ಲಿ ಕಣ್ಣು ಕೆಂಪಾಗಿ, ಉಸಿರು ಸಿಕ್ಕಿಕೊಂಡು, ಗೋಡೆ ಹಿಡಿದುಕೊಂಡು ಹೊರಬಂದರು. ವೈದ್ಯರ ಬಳಿಗೆ ಕರೆದೊಯ್ದದ್ದಾಯಿತು. ಅದೃಷ್ಟವಶಾತ್ ಎರಡು ಮೂರು ದಿನಗಳಲ್ಲಿ ಚೇತರಿಸಿಕೊಂಡರು. "ಎರಡೂ ಹಾಕಿದ್ರೆ ಬೇಗ ಬೆಳ್ಳಗಾಗುತ್ತೆ ಅಂದ್ಕೊಂಡೆ ಸಾರ್" ಎಂದು, ತಪ್ಪು ತಮ್ಮದೇ ಎನ್ನುವಂತೆ, ಅವರು ನಮ್ಮಲ್ಲಿ ಕ್ಷಮೆ ಕೇಳಿದರು. ವಾಸ್ತವವಾಗಿ, ಆ ಎರಡು ಪದಾರ್ಥಗಳನ್ನು ತರಿಸಿದ ಚೀಟಿಯ ಮೇಲೆ ಇದ್ದದ್ದು ನಮ್ಮ ಸಹಿ. ಅನಿಲಗಳ ಚಲನ ಸಿದ್ಧಾಂತವನ್ನು ವರ್ಷವರ್ಷವೂ ಬೋಧಿಸುವ ನಮಗೆ, ಸಹಿ ಹಾಕುವಾಗ ಹೈಸ್ಕೂಲಿನ ಪಾಠ ನೆನಪಾಗಿರಲಿಲ್ಲ.

ಕ್ಲೋರಿನ್ನಿನ ಒಂದು ಅಣುವಿನ ತೂಕ 71. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಎಂದರೆ ಈ ಅನಿಲವು ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರ. ಹುಟ್ಟಿದೊಡನೆಯೇ ಮೇಲೇರಿ ಚದರಿಹೋಗದೆ ಅದು ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ನಿಂತವರಿಗಿಂತ ಮೊದಲು ಕುಳಿತು ಉಜ್ಜುವವರ ಮೂಗನ್ನು ಅದು ಮುಟ್ಟುವುದು ಈ ಕಾರಣದಿಂದಲೇ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪರ್ ಎಂಬಲ್ಲಿ ಜರ್ಮನ್ ಸೇನೆಯು ಇದೇ ಅನಿಲವನ್ನು ಗಾಳಿಯೊಡನೆ ಹರಿಯಬಿಟ್ಟಾಗ, ಅದು ಕಂದಕಗಳೊಳಕ್ಕೆ ಇಳಿದು ಅಲ್ಲಿ ಅವಿತಿದ್ದ ಸೈನಿಕರನ್ನು ಕೊಂದಿತು. ಯುದ್ಧಭೂಮಿಯ ಪ್ರಮಾಣವೆಲ್ಲಿ, ಬಚ್ಚಲುಮನೆಯ ಪ್ರಮಾಣವೆಲ್ಲಿ ಎಂದು ಕೇಳಬಹುದು. ನಿಜ, ಆದರೆ ಅನಿಲದ ಗುಣ ಒಂದೇ.

ಈ ಪ್ರಸಂಗದ ನಂತರ ನಾವು ನಮಗೇ ಹಾಕಿಕೊಂಡ ಪ್ರಶ್ನೆಯನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮನೆಯ ಕೊಳೆಯನ್ನು ತೊಳೆಯಲು ಇಷ್ಟು ಉಗ್ರವಾದ ಪದಾರ್ಥಗಳು ನಿಜವಾಗಿಯೂ ಬೇಕೆ? ಬೇಡ ಎಂಬುದೇ ನಮ್ಮ ಅಭಿಪ್ರಾಯ. ಘಾಟು ಹೆಚ್ಚಿದಷ್ಟೂ ಶುಚಿ ಹೆಚ್ಚು ಎಂಬ ನಂಬಿಕೆಗೆ ವಿಜ್ಞಾನದಲ್ಲಿ ಆಧಾರವಿಲ್ಲ.

ಮೊದಲು, ತೊಳೆಯುವುದೆಂದರೆ ಏನೆಂಬುದನ್ನು ವಿಚಾರಮಾಡೋಣ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಆದ್ದರಿಂದ ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಈ ಮೇಲ್ಮೈ ಎಳೆತವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 72 ಡೈನುಗಳಷ್ಟಿದೆ. ಜಿಡ್ಡಿನ ತಟ್ಟೆಯ ಮೇಲೆ ನೀರು ಹರಡದೆ ಮಣಿಮಣಿಯಾಗಿ ನಿಲ್ಲುವುದು ಇದರಿಂದಲೇ. ಸಾಬೂನಿನ ಅಣುವಿಗೆ ಎರಡು ತುದಿಗಳು: ಒಂದು ನೀರಿಗೆ ಒಲಿಯುತ್ತದೆ, ಇನ್ನೊಂದು ಜಿಡ್ಡಿಗೆ ಒಲಿಯುತ್ತದೆ. ಸ್ವಲ್ಪ ಸಾಬೂನು ಬೆರೆತರೆ ಸಾಕು, ಮೇಲ್ಮೈ ಎಳೆತವು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನೀರು ಜಿಡ್ಡಿನ ಅಡಿಗೆ ನುಗ್ಗುತ್ತದೆ. ಸಾಬೂನಿನ ಅಣುಗಳು ಜಿಡ್ಡಿನ ಕಣಗಳನ್ನು ಸುತ್ತುವರಿದು ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತವೆ. ಇಲ್ಲಿ ಕೊಳೆಯನ್ನು ಸುಡುವ ಪ್ರಶ್ನೆಯೇ ಇಲ್ಲ. ಅದನ್ನು ಎತ್ತಿ ಸಾಗಿಸುವುದಷ್ಟೆ ಕೆಲಸ.

ಈ ವಿಷಯದ ಮೊದಲ ಸೂಕ್ಷ್ಮ ಅಳತೆಗಳಲ್ಲಿ ಕೆಲವು ಅಡಿಗೆಮನೆಯಲ್ಲಿಯೇ ನಡೆದವೆಂಬುದು ಸ್ವಾರಸ್ಯದ ಸಂಗತಿ. ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದ ಆಗ್ನೆಸ್ ಪಾಕೆಲ್ಸ್ ಎಂಬ ಮಹಿಳೆಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಮನೆವಾರ್ತೆಯನ್ನು ನೋಡಿಕೊಳ್ಳುತ್ತಲೇ ಆಕೆ ಜಿಡ್ಡು ಬಿದ್ದ ನೀರಿನ ಮೇಲ್ಮೈಯನ್ನು ಗಮನಿಸಿ, ತಾನೇ ರೂಪಿಸಿದ ತೊಟ್ಟಿಯಲ್ಲಿ ಅದರ ಎಳೆತವನ್ನು ಅಳೆದಳು. ತನ್ನ ಫಲಿತಾಂಶಗಳನ್ನು 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಗೆ ಪತ್ರದಲ್ಲಿ ತಿಳಿಸಿದಳು. ಅದರ ಮಹತ್ವವನ್ನರಿತ ಆ ವಿಜ್ಞಾನಿ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಗುವಂತೆ ಮಾಡಿದರು. ಪಾತ್ರೆ ತೊಳೆಯುವ ನೀರನ್ನು ಕಣ್ಣುತೆರೆದು ನೋಡಿದವರಿಗೆ ಅದರಲ್ಲಿಯೂ ಭೌತಶಾಸ್ತ್ರ ಕಾಣಿಸೀತು.

ಕೊಳೆಯ ಜಾತಿಯನ್ನು ಗುರುತಿಸಿದರೆ ಅದಕ್ಕೆ ತಕ್ಕ ಸೌಮ್ಯ ಪದಾರ್ಥವೂ ತಾನಾಗಿ ಗೊತ್ತಾಗುತ್ತದೆ. ಜಿಡ್ಡಿಗೆ ಸಾಬೂನು ಮತ್ತು ಬಿಸಿನೀರು ಸಾಕು. ಕೊಳವೆಬಾವಿಯ ನೀರಿನಿಂದ ನಲ್ಲಿಯ ಮೇಲೆ, ಬಕೀಟಿನ ಒಳಗೆ ಬೆಳ್ಳಗೆ ಕಟ್ಟುವ ಪೊರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟು. ಅದಕ್ಕೆ ಎಷ್ಟು ಸಾಬೂನು ಹಾಕಿದರೂ ವ್ಯರ್ಥ. ನಿಂಬೆಯ ರಸದಲ್ಲೋ ವಿನಿಗರ್‌ನಲ್ಲೋ ತೋಯಿಸಿದ ಬಟ್ಟೆಯನ್ನು ಅರ್ಧಗಂಟೆ ಸುತ್ತಿಟ್ಟರೆ ಅದು ಕರಗುತ್ತದೆ. ಹಿತ್ತಾಳೆಯ ಮೇಲಿನ ಕಪ್ಪನ್ನು ನಮ್ಮ ಅಜ್ಜಿಯರು ಹುಣಿಸೆಹಣ್ಣಿನಿಂದ ತೆಗೆಯುತ್ತಿದ್ದರು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಉಗ್ರ ಆಸಿಡನ್ನು ಮೊಸಾಯಿಕ್ ನೆಲಕ್ಕೆ ಸುರಿದರೆ ಏನಾಗುತ್ತದೆ? ಆ ನೆಲದಲ್ಲಿರುವ ಅಮೃತಶಿಲೆಯ ಚೂರುಗಳೂ ಕ್ಯಾಲ್ಸಿಯಂ ಕಾರ್ಬೊನೇಟೇ. ಬುಸುಗುಟ್ಟುವ ನೊರೆಯನ್ನು ಕಂಡು ಕೊಳೆ ಹೋಗುತ್ತಿದೆಯೆಂದು ನಾವು ಸಂತೋಷಪಡುತ್ತೇವೆ, ಹೋಗುತ್ತಿರುವುದು ನೆಲ. ಹಾಗೆ ಒರಟಾದ ನೆಲದಲ್ಲಿ ಮುಂದೆ ಕೊಳೆ ಇನ್ನೂ ಸುಲಭವಾಗಿ ಕೂರುತ್ತದೆ. ಇನ್ನೂ ಹೆಚ್ಚು ಆಸಿಡ್ ಬೇಕಾಗುತ್ತದೆ!

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ರೋಗಾಣುಗಳ ಗತಿಯೇನು? ಇದು ಯೋಗ್ಯವಾದ ಪ್ರಶ್ನೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್‌ವೈಸ್, ಚಲುವೆ ಪುಡಿಯ ದ್ರಾವಣದಿಂದ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ನಿಯಮ ಮಾಡಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಮರಣ ಪ್ರಮಾಣ ಜೂನ್ ವೇಳೆಗೆ 2ರ ಸುಮಾರಿಗೆ ಇಳಿಯಿತು. ಕ್ಲೋರಿನ್ನಿನ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಕಾಲರಾ ಬಂದಾಗ, ಬಾವಿಯ ನೀರು ಕೆಟ್ಟಾಗ, ಮನೆಯಲ್ಲಿ ವಾಂತಿಭೇದಿಯ ರೋಗಿ ಇದ್ದಾಗ ಅದು ಬೇಕೇ ಬೇಕು. ಆದರೆ ಔಷಧಿಯನ್ನು ದಿನದ ಊಟವಾಗಿ ಮಾಡಿಕೊಳ್ಳಬಾರದಷ್ಟೆ. ಅಲ್ಲದೆ, ಕೊಳೆಯಿರುವಲ್ಲಿ ಕ್ಲೋರಿನ್ನಿನ ಶಕ್ತಿ ಕೊಳೆಯೊಡನೆಯೇ ವರ್ತಿಸಿ ವ್ಯಯವಾಗುತ್ತದೆ. ಆದ್ದರಿಂದ ಮೊದಲು ಸಾಬೂನಿನಿಂದ ತೊಳೆದು, ನೀರು ಹೊಯ್ದು, ಅನಂತರ ಅಗತ್ಯವಿದ್ದಲ್ಲಿ ಮಾತ್ರ ತೆಳುವಾದ ದ್ರಾವಣವನ್ನು ಹಾಕಿ ಕೆಲವು ನಿಮಿಷ ಬಿಡುವುದು ಸರಿಯಾದ ಕ್ರಮ.

ಇದಕ್ಕೆ ವಿರುದ್ಧವಾದ ಇನ್ನೊಂದು ಭ್ರಮೆಯನ್ನೂ ಇಲ್ಲಿ ಹೇಳಬೇಕು. ಗಿಡಮರಗಳಿಂದ ಬಂದದ್ದೆಲ್ಲ ನಿರಪಾಯಕರ ಎಂದು ಕೆಲವರು ಭಾವಿಸುತ್ತಾರೆ. ಅಂಟುವಾಳ, ಸೀಗೆಕಾಯಿಗಳಲ್ಲಿರುವ ಸಪೋನಿನ್ ಎಂಬ ನೊರೆಕಾರಕ ಒಳ್ಳೆಯದೇ. ಆದರೆ ಕಣ್ಣಿಗೆ ಬಿದ್ದರೆ ಉರಿ ತಪ್ಪದು, ಮತ್ತು ಇದೇ ಸಪೋನಿನ್ ಮೀನುಗಳಿಗೆ ವಿಷ. ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಚಲುವೆ ಪುಡಿಯೊಡನೆ ಬೆರೆಸಿದರೂ ಹೊರಬರುವುದು ಕ್ಲೋರಿನ್ನೇ. ಆಮ್ಲವು ಹಣ್ಣಿನಿಂದ ಬಂತೆಂಬ ದಾಕ್ಷಿಣ್ಯ ಅದಕ್ಕಿಲ್ಲ. ಅಡಿಗೆ ಸೋಡಾ ಮತ್ತು ವಿನಿಗರನ್ನು ಬೆರೆಸಿ, ನೊರೆಯ ಅಬ್ಬರವನ್ನು ನೋಡಿ ಹಿಗ್ಗುವವರುಂಟು. ಆಮ್ಲವೂ ಕ್ಷಾರವೂ ಒಂದನ್ನೊಂದು ಕಳೆದುಕೊಂಡಮೇಲೆ ಉಳಿಯುವುದು ಸ್ವಲ್ಪ ಲವಣ ಕರಗಿದ ನೀರು. ಬೇರೆಬೇರೆಯಾಗಿ ಎರಡೂ ಉಪಯುಕ್ತ. ಕೂಡಿಸಿದರೆ ಎರಡೂ ನಿರುಪಯುಕ್ತ. ಸೌಮ್ಯವಾದುದನ್ನು ಆರಿಸುವುದಕ್ಕೂ ಅರಿವು ಬೇಕು.

ಅಪಾಯವು ಆಕಸ್ಮಿಕಗಳಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ನಾರ್ವೆಯ ಬರ್ಗೆನ್ ವಿಶ್ವವಿದ್ಯಾನಿಲಯದ ಸಂಶೋಧಕರು ಯೂರೋಪಿನ 6,235 ಮಂದಿಯ ಶ್ವಾಸಶಕ್ತಿಯನ್ನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅಳೆದು, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೆಯಲ್ಲಾಗಲಿ ಉದ್ಯೋಗವಾಗಿಯಾಗಲಿ ಶುಚಿಮಾಡುವ ಕೆಲಸದಲ್ಲಿದ್ದ ಮಹಿಳೆಯರ ಶ್ವಾಸಶಕ್ತಿ ಇತರ ಮಹಿಳೆಯರದಕ್ಕಿಂತ ಬೇಗನೆ ಕುಗ್ಗಿತ್ತು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಪೂರ್ಣವಾಗಿ ಸಿದ್ಧಪಡಿಸುವುದಿಲ್ಲ. ಆದರೂ, ಘಾಟನ್ನು ದಿನವೂ ಉಸಿರಾಡುವುದು ಒಳ್ಳೆಯದಲ್ಲವೆಂದು ಊಹಿಸಲು ಇದಕ್ಕಿಂತ ಹೆಚ್ಚಿನ ಸುಳಿವು ಬೇಕೆ?

ಬಚ್ಚಲಿನಿಂದ ಹೊರಹೋದದ್ದು ಎಲ್ಲಿಗೆ ಹೋಯಿತೆಂಬುದನ್ನೂ ನೋಡೋಣ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ನೊರೆಯು ಗುಡ್ಡವಾಗಿ ಎದ್ದು, ರಸ್ತೆಗೆ ಉಕ್ಕಿ, ವಾಹನಗಳ ಮೇಲೆ ಹಾರಿದ್ದನ್ನು ಅನೇಕರು ಕಂಡಿದ್ದಾರೆ. ಸರಿಯಾಗಿ ಶುದ್ಧಿಮಾಡದ ನಗರದ ಕೊಳಚೆನೀರಿನೊಡನೆ ನಮ್ಮ ಬಟ್ಟೆ, ಪಾತ್ರೆಗಳ ಮಾರ್ಜಕಗಳೂ ಕೆರೆಯನ್ನು ಸೇರುತ್ತವೆ. ಆಮ್ಲಜನಕವಿದ್ದರೆ ಬ್ಯಾಕ್ಟೀರಿಯಗಳು ಅವನ್ನು ತಿಂದು ಮುಗಿಸಿಯಾವು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಅವು ಹಾಗೆಯೇ ಉಳಿದು, ಮಳೆಯ ನೀರು ಕಲಕಿದಾಗ ನೊರೆಯಾಗಿ ಮೇಲೇಳುತ್ತವೆ. ಇದಕ್ಕೆ ಕೊಳಚೆನೀರಿನ ಶುದ್ಧೀಕರಣವೇ ಮುಖ್ಯ ಪರಿಹಾರ. ಒಂದು ಮನೆಯ ಮಿತವ್ಯಯದಿಂದ ಕೆರೆ ತಿಳಿಯಾಗದು. ಆದರೆ ಪದಾರ್ಥವನ್ನು ಬದಲಿಸಿಯೂ ಫಲ ಕಂಡ ನಿದರ್ಶನವುಂಟು. ಎರಡನೆಯ ಮಹಾಯುದ್ಧದ ನಂತರ ಬಂದ ಮಾರ್ಜಕಗಳ ಅಣುಸರಪಳಿಗಳು ಕವಲೊಡೆದಿದ್ದುವು. ಬ್ಯಾಕ್ಟೀರಿಯಗಳಿಗೆ ಅವು ದಕ್ಕುತ್ತಿರಲಿಲ್ಲ. ಯೂರೋಪಿನ ನದಿಗಳು ನೊರೆಯಿಂದ ತುಂಬಿದುವು. ಪಶ್ಚಿಮ ಜರ್ಮನಿಯು 1961ರಲ್ಲಿ ಶಾಸನ ಮಾಡಿ, 1964ರಿಂದ ಕರಗಿ ಕೊಳೆಯಬಲ್ಲ ಮಾರ್ಜಕಗಳನ್ನೇ ಕಡ್ಡಾಯಗೊಳಿಸಿತು. ತಯಾರಕರು ಕವಲಿಲ್ಲದ ಸರಪಳಿಗಳಿಗೆ ತಿರುಗಿದರು. ಬಟ್ಟೆಗಳೇನೂ ಕೊಳೆಯಾಗಿ ಉಳಿಯಲಿಲ್ಲ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುವ ಮಾತು. ಅಂಗಡಿಯಲ್ಲಿ ಸೀಸೆಯನ್ನು ಆರಿಸುವವರು ಒಬ್ಬರು. ಅದನ್ನು ಬಗ್ಗಿ ಕುಳಿತು ಉಜ್ಜುವವರು ಬಹುಮಟ್ಟಿಗೆ ಇನ್ನೊಬ್ಬರು: ತಾಯಿ, ಅಕ್ಕ, ಮನೆಗೆಲಸದಾಕೆ, ಅಟೆಂಡರು. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬಲ್ಲವರು ಅದನ್ನು ಮುಟ್ಟುವುದಿಲ್ಲ. ಮುಟ್ಟುವವರಿಗೆ ಆ ಅಕ್ಷರಗಳು ಎಷ್ಟೋ ವೇಳೆ ಅರ್ಥವಾಗುವುದಿಲ್ಲ. ಆಮ್ಲದಾಳಿಯ ಮೊಕದ್ದಮೆಯೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು 2013ರಲ್ಲಿಯೇ ಆಮ್ಲದ ಚಿಲ್ಲರೆ ಮಾರಾಟಕ್ಕೆ ಕಟ್ಟುನಿಟ್ಟಾದ ನಿಬಂಧನೆಗಳನ್ನು ವಿಧಿಸಿತು. ಮನೆಯೊಳಗಿನ ನಿಬಂಧನೆಗಳನ್ನು ನಾವೇ ವಿಧಿಸಿಕೊಳ್ಳಬೇಕು.

ಆದ್ದರಿಂದ ವಿದ್ಯಾರ್ಥಿಗಳಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಈ ಭಾನುವಾರ ಮನೆಯ ಬಚ್ಚಲಿನ ಮೂಲೆಯಲ್ಲಿರುವ ಸೀಸೆಗಳನ್ನೆಲ್ಲ ಹೊರತೆಗೆದು ಅವುಗಳ ಚೀಟಿಗಳನ್ನು ಓದಿರಿ. ಆಮ್ಲವಿರುವುದನ್ನೂ ಕ್ಲೋರಿನ್ ಕೊಡುವುದನ್ನೂ ಬೇರೆಬೇರೆ ಕಡೆ ಇಡಿರಿ. ಚೀಟಿಯಿಲ್ಲದ ಸೀಸೆಯನ್ನು ಮನೆಗೆ ತರಲೇಬೇಡಿ. ಹಳೆಯ ಶರಬತ್ತಿನ ಸೀಸೆಯಲ್ಲಿ ಏನನ್ನೂ ತುಂಬಿಡಬೇಡಿ. ಮಗುವಿಗೆ ಅದು ಶರಬತ್ತೇ. ನೀವು ಓದಿದ್ದನ್ನು ಅದನ್ನು ಬಳಸುವವರಿಗೆ ಅವರ ಮಾತಿನಲ್ಲಿ ಹೇಳಿರಿ. ಅನಂತರ ಒಂದು ದಿನ ನೀವೇ ಬಚ್ಚಲನ್ನು ಸಾಬೂನು, ಬಿಸಿನೀರು ಮತ್ತು ಬ್ರಷ್ಷಿನಿಂದ ಉಜ್ಜಿ ನೋಡಿರಿ. ತೋಳು ಸ್ವಲ್ಪ ನೋಯಬಹುದು. ಆದರೆ ಉಗ್ರ ಪದಾರ್ಥವು ಉಳಿಸಿಕೊಡುವುದು ಅಷ್ಟು ನೋವನ್ನು ಮಾತ್ರ, ಅದಕ್ಕಾಗಿ ಕೇಳುವುದು ಇನ್ನೊಬ್ಬರ ಶ್ವಾಸಕೋಶವನ್ನು ಎಂಬುದು ಆಗ ಸ್ಪಷ್ಟವಾಗುತ್ತದೆ.

ನಮ್ಮ ವಿಭಾಗದ ಕೊಠಡಿಯಲ್ಲಿ ಈಗ ಆಸಿಡ್ ತರಿಸುವುದಿಲ್ಲ. ನೆಲದ ಮೇಲಿನ ಒಂದೆರಡು ಹಳೆಯ ಕಲೆಗಳು ಹಾಗೆಯೇ ಇವೆ. ಇರಲಿ, ಕಲೆಯೆಲ್ಲವೂ ಕೊಳೆಯಲ್ಲ.