ಹೊಲಿಯುವವಳ ಕಥೆ ಯಾರ ಬಾಯಲ್ಲಿ?

2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ನಿಲ್ಲಿಸಿ ಹೊಸೂರು ರಸ್ತೆಗೆ ಇಳಿದರು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಎಂದು ದಿಲ್ಲಿ ಸರ್ಕಾರ ನಿಯಮ ಮಾಡಿತ್ತು. ಯಾವ ದೊಡ್ಡ ನಾಯಕನೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಹೆಣ್ಣುಮಕ್ಕಳು ಜಗ್ಗಲಿಲ್ಲ. 19ರಂದು ದಿಲ್ಲಿಯೇ ಜಗ್ಗಿತು. ನಿಯಮ ವಾಪಸ್ಸಾಯಿತು. ಲಾಭ ಇಡೀ ದೇಶದ ಕೂಲಿ ಜನಕ್ಕೆ ಸಿಕ್ಕಿತು.

ಸುದ್ದಿಯಲ್ಲಿ ಎದ್ದು ಕಂಡಿದ್ದೇನು? ಟ್ರಾಫಿಕ್ ಜಾಮ್, ಸುಟ್ಟ ಬಸ್ಸು. ದೇಶದ ದುಡ್ಡು ಉಳಿಸಿದವಳ ಮಾತು ಎಲ್ಲಿ ಹೋಯ್ತು ಸ್ವಾಮಿ?

ಇದು ಹಳೇ ಚಾಳಿ. ನಮ್ಮವರ ಮುಖ ತೋರಿಸ್ತಾರೆ, ಮೈಕು ಮಾತ್ರ ಕೊಡೋಲ್ಲ. 1975ರ 'ಚೋಮನ ದುಡಿ' ಸಿನಿಮಾಕ್ಕೆ ಸ್ವರ್ಣಕಮಲ ಬಂತು. ಕಾರಂತರ ಕಾದಂಬರಿಯಲ್ಲಿ ಕಳಕಳಿ ಇತ್ತು, ಇಲ್ಲ ಅನ್ನೋಲ್ಲ. ಆದರೆ ತುಂಡು ಭೂಮಿಗೆ ಆಸೆಪಟ್ಟ ಚೋಮ ದುಡಿ ಬಡಿಯುತ್ತಲೇ ಸತ್ತ. ಅದೇ 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಾಯಲಿಲ್ಲ, ಮೆರವಣಿಗೆ ಹೊರಟಿತು. ಕೇರಿಯನ್ನು ನೋಡಿ ಬರೆಯುವುದಕ್ಕೂ ಕೇರಿಯೇ ಬರೆಯುವುದಕ್ಕೂ ಇರುವ ಅಂತರ ಇದು.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನಕ್ಕೆ ದಲಿತ ಗೋಷ್ಠಿ ಬೇಡವಾಯಿತು. ಬಂಡಾಯದವರು ಬೆಂಗಳೂರಲ್ಲಿ ತಮ್ಮದೇ ಚಪ್ಪರ ಹಾಕಿದರು. ಆ ಬಂಡಾಯದ ದಾರಿಯಲ್ಲೇ ಬರೆಯುತ್ತಾ ಬಂದ ಬಾನು ಮುಷ್ತಾಕ್ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದರು. ಸಾಹಿತ್ಯ ಯಾರಪ್ಪನ ಆಸ್ತಿ?

ಈ ಜಗಳ ಕನ್ನಡದ್ದು ಮಾತ್ರವಲ್ಲ. 1965ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದರು. ಫಿಲಿಪಿನೋ ಕೂಲಿಗಳು ಶುರು ಮಾಡಿದರು, ಮೆಕ್ಸಿಕನ್ ಮೂಲದವರು ಕೂಡಿಕೊಂಡರು. ಅಲ್ಲಿ ಲೂಯಿಸ್ ವಾಲ್ಡೆಜ್ 'ಎಲ್ ತಿಯಾತ್ರೊ ಕಾಂಪೆಸಿನೊ' ಎಂಬ ರೈತಕೂಲಿಗಳ ನಾಟಕ ತಂಡ ಕಟ್ಟಿದರು. ಲಾರಿಯೇ ರಂಗಸ್ಥಳ. 'ಧಣಿ', 'ಮುಷ್ಕರದವನು' ಎಂದು ಬರೆದ ಫಲಕವನ್ನು ಕೊರಳಿಗೆ ಕಟ್ಟಿಕೊಂಡು ಕೂಲಿಗಳೇ ಆಡಿದರು. ತಮ್ಮ ಕಥೆಗೆ ಹಾಲಿವುಡ್ಡಿನ ಅಪ್ಪಣೆ ಕಾಯಲಿಲ್ಲ.

'ಹಾಗಾದರೆ ಬೇರೆಯವರು ಬರೆಯಲೇಬಾರದೇ?' ಅಂತ ಕೇಳೋರಿದ್ದಾರೆ. ಬರೀರಿ, ಯಾರು ಬೇಡ ಅಂದರು? ಆದರೆ ಜಗಲಿ ಪೂರ್ತಿ ನೀವೇ ಕೂತು, ಅಂಗಳದಲ್ಲಿ ನಿಂತವಳಿಗೆ ಅವಳ ಕಷ್ಟವನ್ನೇ ಓದಿ ಹೇಳಬೇಡಿ.

ಅವಳಿಗೆ ಭಾನುವಾರ ಒಂದೇ ರಜ. ಅವತ್ತೇ ಬಟ್ಟೆ ಒಗೀಬೇಕು, ನೀರು ಹಿಡೀಬೇಕು. ವಾರದ ಸಂಜೆ ಪೇಟೆ ನಡುವೆ ವಿಚಾರ ಸಂಕಿರಣ ಇಟ್ಟರೆ ಅವಳು ಬರೋದು ಹೇಗೆ? ಗೆಳೆಯರೇ, ಚಪ್ಪರವನ್ನೇ ಅವಳ ಬೀದಿಗೆ ಒಯ್ಯೋಣ. ವಿದ್ಯಾರ್ಥಿಗಳೇ, ಸೂಪರ್‌ವೈಸರನ ಪಾತ್ರ ಅವಳೇ ಕಟ್ಟಲಿ. 'ಟಾರ್ಗೆಟ್ ಎಲ್ಲಿ?' ಅಂತ ಅವನು ಕಿರುಚೋದನ್ನು ಅವಳಿಗಿಂತ ಚೆನ್ನಾಗಿ ಆಡೋ ನಟ ಯಾವ ನಾಟಕಶಾಲೆಯಲ್ಲೂ ಇಲ್ಲ. ಹಳ್ಳಿಯ ಮೇಷ್ಟ್ರುಗಳೇ, ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟ ನಿಮ್ಮ ಶಿಷ್ಯೆಯೇ ಈ ಲೈನಿನಲ್ಲಿ ಕೂತಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗ ಮಾತಾಡಿಸಿ, ಕೈಗೆ ಪೆನ್ನು ಕೊಡಿ. ಬರೆಯಲು ಪುರುಸೊತ್ತಿಲ್ಲವೆಂದರೆ ಅವಳು ಹೇಳಲಿ, ನೀವು ಬರಕೊಳ್ಳಿ.

ಕೆಲಸ ಹೋಗುವ ಭಯವಿದ್ದರೆ ಹೆಸರು ಬದಲಿಸಿ. ಮಾತು ಬದಲಿಸಬೇಡಿ.